ಇನ್ನೂರು ರೂಪಾಯಿಯ ಪ್ರೀತಿ

ಗಂಡ ಹೆಂಡತಿ ಒಂದೇ ಎಂದು ಮದುವೆಗೆ ಬಂದವರೆಲ್ಲ ಹರಸಿ, ಹೋಳಿಗೆ ಉಂಡು, ತಾಂಬೂಲ ಹಾಕಿಕೊಂಡು ಹೋಗುತ್ತಾರೆ. ಒಂದಲ್ಲ, ಎರಡು ಎಂದು ತಿಳಿಯುವುದು ಹೌಸಿಂಗ್ ಸೊಸೈಟಿಯ ಶೇರ್ ಸರ್ಟಿಫಿಕೇಟ್ ಕೈಗೆ ಬಂದ ದಿನ. ಅದರಲ್ಲಿ ಒಂದನೆಯ ಹೆಸರು, ಎರಡನೆಯ ಹೆಸರು ಎಂದು ಇಬ್ಬರಿರುತ್ತಾರೆ. ಮೀಟಿಂಗಿನಲ್ಲಿ ಮತ ಹಾಕುವವರು ಒಂದನೆಯ ಹೆಸರಿನವರು. ಅವರು ಬಾರದಿದ್ದರೆ ಮಾತ್ರ ಎರಡನೆಯವರ ಸರದಿ. ಪುಣೆಯ ಕೋಥ್ರೂಡ್, ವಾಕಡ್, ಬಾಣೇರ್‌ಗಳಲ್ಲಿ ನಮ್ಮ ಧಾರವಾಡ-ಬೆಳಗಾವಿ ಕಡೆಯವರು ಕೊಂಡ ಫ್ಲ್ಯಾಟುಗಳಲ್ಲಿ ಒಂದನೆಯ ಹೆಸರು ಯಾರದೆಂದು ನಾನು ಬಿಡಿಸಿ ಹೇಳಬೇಕಿಲ್ಲ. ಲಿಫ್ಟ್ ಕೆಟ್ಟಾಗ, ನೀರಿನ ಟ್ಯಾಂಕರ್ ಬಾರದಿದ್ದಾಗ ಸೆಕ್ರೆಟರಿಯ ಬಾಗಿಲು ಬಡಿದು ಜಗಳ ತೆಗೆಯುವ ಅಧಿಕಾರ ಮಾತ್ರ ಎರಡನೆಯ ಹೆಸರಿಗೆ ಪೂರ್ತಿ ಬಿಟ್ಟುಕೊಟ್ಟಿರುತ್ತಾರೆ.

ಮದುವೆಯ ಮಂಟಪದಲ್ಲಿ ಗಂಡಸು ‘ನಾತಿಚರಾಮಿ’ ಎಂದು ಮೂರು ವಿಷಯದಲ್ಲಿ ಮಾತು ಕೊಟ್ಟಿರುತ್ತಾನೆ: ಧರ್ಮ, ಅರ್ಥ, ಕಾಮ. ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತ ಅವಸರದಲ್ಲಿ ಹೇಳಿದ್ದರಿಂದಲೋ ಏನೋ, ನಡುವಿನದು ಮರೆತುಹೋಗುತ್ತದೆ. ಕಾನೂನೂ ಅದನ್ನು ನೆನಪಿಸುವುದಿಲ್ಲ. ಪುಣೆಯಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ, ತಾಳಿ ಕಟ್ಟಿದ ಮಾತ್ರಕ್ಕೆ ಒಬ್ಬರ ಆಸ್ತಿಯಲ್ಲಿ ಇನ್ನೊಬ್ಬರಿಗೆ ಒಂದು ಚದರಡಿಯೂ ಬರುವುದಿಲ್ಲ. ಕಾಗದ ಯಾರ ಹೆಸರಿನಲ್ಲಿದೆಯೋ ಅವರೇ ಧಣಿ. ಹೆಂಡತಿಗೆ ಜೀವನಾಂಶದ ಹಕ್ಕುಂಟು, 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಬಂದ ಮೇಲೆ ಸಂಸಾರ ಮಾಡಿದ ಮನೆಯಲ್ಲಿ ಇರುವ ಹಕ್ಕೂ ಉಂಟು. ಒಡೆತನ ಬೇಕೆಂದರೆ ಕಾಯಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಗಂಡ ಉಯಿಲು ಬರೆಯದೆ ತೀರಿಕೊಂಡರೆ ಪಾಲು ಬರುತ್ತದೆ, ಅದೂ ಮಕ್ಕಳ ಮತ್ತು ಅತ್ತೆಯವರ ಜತೆ ಸಮಸಮ. ಬದುಕಿದ್ದಾಗ ಅಡುಗೆಮನೆಯ ಕಟ್ಟೆ ಹಂಚಿಕೊಂಡದ್ದು ಸಾಲದೇ!

ಇದೇ ಪುಣೆಯವರು ವರ್ಷಕ್ಕೊಮ್ಮೆಯಾದರೂ ಗೋವೆಗೆ ಓಡುತ್ತಾರಲ್ಲ, ಅಲ್ಲಿ ಲೆಕ್ಕವೇ ಬೇರೆ. 1867ರ ಪೋರ್ಚುಗೀಸ್ ಸಿವಿಲ್ ಕೋಡ್ 1870ರಲ್ಲಿ ಗೋವೆಗೆ ಬಂತು. ಪೋರ್ಚುಗೀಸರು ಹೋದರೂ ಅದರ ಕುಟುಂಬ ಕಾನೂನು ಹೋಗಲಿಲ್ಲ. ಗೋವೆಯವರು ಮದುವೆಗೆ ಮುಂಚೆ ಬೇರೆ ಕರಾರು ಬರೆಸದಿದ್ದರೆ ಗಂಡನದು, ಹೆಂಡತಿಯದು ಎಲ್ಲವೂ ಒಂದೇ ರಾಶಿ, ಇಬ್ಬರಿಗೂ ಅರ್ಧರ್ಧ. ಒಬ್ಬರ ಒಪ್ಪಿಗೆಯಿಲ್ಲದೆ ಇನ್ನೊಬ್ಬರು ಮನೆ-ಜಮೀನು ಮಾರುವಂತಿಲ್ಲ. ಬೇಡ ಎನ್ನುವವರು ಪೂರ್ತಿ ಬೇರೆ ಇಟ್ಟುಕೊಳ್ಳಬಹುದು, ಮೊದಲಿನದು ಬೇರೆ ಆಮೇಲಿನದು ಕೂಡು ಎಂದು ಬರೆಸಬಹುದು, ಹೆಣ್ಣಿನ ಕಡೆಯ ಆಸ್ತಿಗೆ ಬೇರೆ ವ್ಯವಸ್ಥೆ ಮಾಡಬಹುದು. ಏನೇ ಆದರೂ ಮದುವೆಗೆ ಮುಂಚೆ ಆರಿಸಬೇಕು. ಮದುವೆಯಾದ ಮೇಲೆ ‘ನಾವು ಮನಸ್ಸು ಬದಲಾಯಿಸಿದ್ದೇವೆ’ ಎಂದರೆ ನಡೆಯುವುದಿಲ್ಲ. ಆದಾಯ ತೆರಿಗೆಯವರು ಸಹ ಅಲ್ಲಿನ ದಂಪತಿಗಳ ಸಂಬಳ ಬಿಟ್ಟು ಉಳಿದ ವರಮಾನವನ್ನು ಅರ್ಧರ್ಧ ಮಾಡಿ ಇಬ್ಬರ ತಲೆಗೂ ಹಾಕುತ್ತಾರೆ. ಆಸೆ ಪಡಬೇಡಿ: ಹನಿಮೂನಿಗೆ ಕಲಂಗೂಟಿನಲ್ಲಿ ನಾಲ್ಕು ದಿನ ಇದ್ದುಬಂದರೆ ಈ ಕಾನೂನು ನಿಮಗೆ ಅಂಟಿಕೊಳ್ಳುವುದಿಲ್ಲ. ಆಂಬೋಲಿ ಘಾಟು ಹತ್ತಿ ಈಚೆ ಬಂದ ಕೂಡಲೇ ಅವರದು ಅವರದು, ನಿಮ್ಮದು ಖಾಲಿ.

ಪುಣೆಯಲ್ಲಿ ಇದಕ್ಕೆ ತಿರುವುಮುರುವು. ಇಲ್ಲಿ ಮದುವೆಯಾದ ಮೇಲೆ ಯಾವಾಗ ಬೇಕಾದರೂ, ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ಗಂಡ ಹೆಂಡತಿಗೆ ಬರೆದುಕೊಡಬಹುದು, ಹೆಂಡತಿ ಗಂಡನಿಗೆ ಬರೆದುಕೊಡಬಹುದು, ಜಂಟಿ ಹೆಸರಿದ್ದವರಲ್ಲಿ ಒಬ್ಬರು ಹಕ್ಕು ಬಿಡಬಹುದು. ಕೊಡುವುದಕ್ಕೆ ಸುಲಭದ ದಾರಿ ಬಕ್ಷೀಸ್‌ಪತ್ರ. ನಮ್ಮ ಕಡೆ ದಾನಪತ್ರ ಅನ್ನುತ್ತೇವೆ. ಮಹಾರಾಷ್ಟ್ರ ಸರಕಾರ 2015ರಿಂದ ಇದಕ್ಕೆ ಭಾರಿ ರಿಯಾಯಿತಿ ಕೊಟ್ಟಿದೆ: ವಾಸದ ಮನೆಯನ್ನೋ ಹೊಲವನ್ನೋ ಗಂಡ, ಹೆಂಡತಿ, ಮಕ್ಕಳು, ಮೊಮ್ಮಕ್ಕಳಿಗೆ ಕೊಟ್ಟರೆ ಸ್ಟ್ಯಾಂಪ್ ಡ್ಯೂಟಿ ಬರೇ 200 ರೂಪಾಯಿ. ಮೇಲಿನ ಸರ್‌ಚಾರ್ಜು, ನೋಂದಣಿ ಖರ್ಚು ಬೇರೆ. ಅಂಗಡಿ, ಹೋಟೆಲಿನ ಜಾಗಕ್ಕೆ ಈ ರಿಯಾಯಿತಿ ಇಲ್ಲ, ಅದಕ್ಕೆ ಶೇ. 3. ಪುಣೆಗೆ ಇಡ್ಲಿ-ದೋಸೆ ಕಲಿಸಿದ ನಮ್ಮ ಉಡುಪಿ ಕಡೆಯವರು ಗಮನಿಸಬೇಕು: ಮನೆಯಷ್ಟು ಪ್ರೀತಿಯಾದರೆ ಇನ್ನೂರರಲ್ಲಿ ಮುಗಿಯುತ್ತದೆ, ಗಲ್ಲಾಪೆಟ್ಟಿಗೆಯಷ್ಟು ಪ್ರೀತಿಗೆ ದರ ಹೆಚ್ಚು.

ನಮ್ಮ ಬಿಲ್ಡಿಂಗಿನ ಕಾಕಾ ಒಬ್ಬರು ಹೀಗೆ ಬರೆದುಕೊಟ್ಟಾಗ ನಾನು ಸಾಕ್ಷಿಗೆ ಹೋಗಿದ್ದೆ. ದಾನಪತ್ರಕ್ಕೆ ಇಬ್ಬರು ಸಾಕ್ಷಿ ಬೇಕು. ಪುಣೆಯ ಸಬ್‌ರಿಜಿಸ್ಟ್ರಾರ್ ಕಚೇರಿಗಳಿಗೆಲ್ಲ ಹವೇಲಿ ನಂಬರು ಇಷ್ಟು, ಹವೇಲಿ ನಂಬರು ಅಷ್ಟು ಎಂದು ಹೆಸರು. ತಾಲೂಕಿನ ಹೆಸರದು. ಅದು ಗೊತ್ತಿಲ್ಲದ ಅವರ ಹೆಂಡತಿ, ಕಾಕೂ, ಹವೇಲಿ ಅಂದರೆ ಹವೇಲಿಯೇ ಎಂದು ಇಳಕಲ್ ಸೀರೆ ಉಟ್ಟು ತಯಾರಾಗಿ ಬಂದಿದ್ದರು. ಒಳಗೆ ಕಂಪ್ಯೂಟರು, ಕ್ಯಾಮೆರಾ, ಹೆಬ್ಬೆರಳು ಒತ್ತುವ ಯಂತ್ರ, ಟೋಕನ್ ಹಿಡಿದು ಕೂತ ಜನ. ವಕೀಲರು ಮರಾಠಿ ಕಾಗದವನ್ನು ಮುಂದೆ ಚಾಚಿ ಸಹಿಯ ಜಾಗಕ್ಕೆ ಪೆನ್ಸಿಲಿನಿಂದ ಗುರುತು ಹಾಕಿದರು. ಕಾಕೂ ಚಷ್ಮಾ ಹಾಕಿಕೊಂಡು ಓದಲು ಕೂತರು.

“ಅದರಾಗ ಏನ್ ಓದೋದದ? ನಿನಗs ಕೊಡ್ಲಿಕತ್ತೀನಿ. ಸಹಿ ಮಾಡು,” ಎಂದರು ಕಾಕಾ.

“ಪ್ರೀತಿ-ವಾತ್ಸಲ್ಯದಿಂದ ಕೊಟ್ಟೀನಿ ಅಂತ ಬರದಾರ್ರೀ. ಇಷ್ಟು ವರ್ಷದಾಗ ನೀವು ಒಂದು ಸರ್ತೀನೂ ಬಾಯಿಬಿಟ್ಟು ಹೇಳಿದ್ದಿಲ್ಲ. ಎರಡು ಸಲ ಓದ್ತೀನಿ, ತಡೀರಿ.”

ಮುಂದಿನ ಪುಟದಲ್ಲಿ ಪಡೆಯುವವರು ಒಪ್ಪಿ ಸ್ವೀಕರಿಸಿದ್ದಾರೆ ಎಂಬ ಸಾಲಿತ್ತು. 1882ರ ಆಸ್ತಿ ವರ್ಗಾವಣೆ ಕಾಯ್ದೆ ಹಾಗೆ ಹೇಳುತ್ತದೆ: ಕೊಡುವವರು ಬದುಕಿರುವಾಗಲೇ ಪಡೆಯುವವರು ಒಪ್ಪಬೇಕು, ಇಲ್ಲದಿದ್ದರೆ ದಾನ ನಿಲ್ಲುವುದಿಲ್ಲ. ಕಾಕೂ ಅಲ್ಲಿಗೆ ಬಂದು ನಿಂತರು.

“ನಾ ಒಲ್ಲೆ ಅಂದ್ರ?”

“ಒಲ್ಲೆ ಅಂದರೆ ಆಗುವುದಿಲ್ಲ ಬಾಯಿ,” ಎಂದರು ವಕೀಲರು.

“ನೋಡ್ರಿ, ಮದುವ್ಯಾಗ ಈ ಮಾತು ಯಾರೂ ನನ್ನ ಕೇಳಿದ್ದಿಲ್ಲ,” ಎಂದು ಕಾಕೂ ಗರಗರನೆ ಸಹಿ ಎಳೆದು, ಹೆಬ್ಬೆರಳು ಒತ್ತಿ, ಕ್ಯಾಮೆರಾದ ಮುಂದೆ ಸೆರಗು ಸರಿಮಾಡಿಕೊಂಡರು. ಕಾಕಾನ ಮುಖ ಫೋಟೋದಲ್ಲಿ ಸ್ವಲ್ಪ ಸಣ್ಣದಾಗಿ ಬಂದಿದೆ. ಸುಮ್ಮನಲ್ಲ: ನೋಂದಣಿಯಾದ ದಾನವನ್ನು ಕೊಟ್ಟವರು ಮನಸ್ಸು ಬಂದಂತೆ ಹಿಂದಕ್ಕೆ ಪಡೆಯುವಂತಿಲ್ಲ. ಮರುದಿನ ಸಾರಿಗೆ ಉಪ್ಪು ಹೆಚ್ಚಾಯಿತೆಂದು ರದ್ದು ಮಾಡಲು ಬರುವುದಿಲ್ಲ.

ಇಷ್ಟು ಅಗ್ಗ, ಇಷ್ಟು ಸಲೀಸು. ಹಾಗಾದರೆ ಹವೇಲಿಗಳ ಮುಂದೆ ಗಂಡಂದಿರ ಸಾಲು ಹನುಮಾನ್ ಜಯಂತಿಯ ಸಾಲಿನಂತೆ ಏಕೆ ಬೆಳೆದಿಲ್ಲ? ಕೇಳಿ ನೋಡಿ. ಮೊದಲ ಉತ್ತರ, “ಎಲ್ಲಾ ನಿಂದs ಅಲ್ಲೇನು, ಬರಿಯೋದ್ ಯಾಕ ಬೇಕು?” ಬೀಗದ ಕೈ ಕೊಡದವರೆಲ್ಲ ಮನೆ ನಿನ್ನದೇ ಅನ್ನುತ್ತಾರೆ. ಎರಡನೆಯದು ಬ್ಯಾಂಕು. ಸಾಲ ತೀರುವವರೆಗೆ ಅವರ ಒಪ್ಪಿಗೆ ಬೇಕು, ಅದು ನಿಜ. ಹಾಗೆ ನೋಡಿದರೆ ಹಿಂಜವಡಿಯ ಐಟಿ ಕಂಪನಿಗಳ ಎಷ್ಟೋ ಹುಡುಗಿಯರ ಹೆಸರು ಫ್ಲ್ಯಾಟಿನ ಕಾಗದಕ್ಕೆ ಬಂದದ್ದೇ ಬ್ಯಾಂಕಿನ ದಯದಿಂದ. ಒಬ್ಬನ ಸಂಬಳಕ್ಕೆ ಸಾಲ ಸಾಲದು ಎಂದು ಮ್ಯಾನೇಜರು ಹೇಳಿದ ಸಂಜೆ ಗಂಡನಿಗೆ ಸಮಾನತೆಯ ಮೇಲೆ ನಂಬಿಕೆ ಹುಟ್ಟುತ್ತದೆ.

ಸರಕಾರವೂ ಇಂಥ ನಂಬಿಕೆ ಹುಟ್ಟಿಸುವುದರಲ್ಲಿ ಹಿಂದೆ ಬಿದ್ದಿಲ್ಲ. 2021ರ ಏಪ್ರಿಲ್ 1ರಿಂದ ಮಹಾರಾಷ್ಟ್ರದಲ್ಲಿ ಹೆಂಗಸರ ಹೆಸರಿನಲ್ಲಷ್ಟೇ ವಾಸದ ಮನೆ ಕೊಂಡರೆ ಸ್ಟ್ಯಾಂಪ್ ಡ್ಯೂಟಿಯಲ್ಲಿ ಶೇ. 1 ಕಡಿತ. 80 ಲಕ್ಷದ ಫ್ಲ್ಯಾಟಿಗೆ 80,000 ರೂಪಾಯಿ ಉಳಿತಾಯ. ‘ನಿನ್ನ ಹೆಸರಿಗೇ ತಗೋತೀನಿ ಚಿನ್ನ’ ಎಂಬ ಮಾತು ಅಲ್ಲಿಂದೀಚೆ ಪುಣೆಯ ಬಿಲ್ಡರುಗಳ ಆಫೀಸಿನಲ್ಲಿ ಹೆಚ್ಚು ಕೇಳಿಬರುತ್ತಿದೆ. ಆ ರಿಯಾಯಿತಿಗೊಂದು ಬಾಲವಿತ್ತು: 15 ವರ್ಷ ಆ ಮನೆಯನ್ನು ಗಂಡಸರಿಗೆ ಮಾರುವಂತಿಲ್ಲ. ಕೊಂಡಾಗ ಹಿಗ್ಗಿದ ಗಂಡ ಈ ಸಾಲನ್ನು ಓದಿ ಕುಗ್ಗಿದ. 2023ರಲ್ಲಿ ಸರಕಾರ ಆ ಷರತ್ತು ತೆಗೆದುಹಾಕಿತು. ಪ್ರೀತಿ ಮತ್ತೆ ಸಲೀಸಾಯಿತು.

ಗಂಡಸರ ಬತ್ತಳಿಕೆಯ ಬ್ರಹ್ಮಾಸ್ತ್ರ ಇರುವುದು ಆದಾಯ ತೆರಿಗೆಯಲ್ಲಿ. “ನಿನ್ನ ಹೆಸರಿಗೆ ಮಾಡಿದರೂ ಬಾಡಿಗೆ ನನ್ನ ಲೆಕ್ಕಕ್ಕೇ ಬರ್ತದ, ಏನು ಉಪಯೋಗ?” ಈ ಮಾತು ಸುಳ್ಳಲ್ಲ, ಅದಕ್ಕೇ ಅಪಾಯಕಾರಿ. ಹೆಂಡತಿಗೆ ಪುಕ್ಕಟೆ ಕೊಟ್ಟ ಆಸ್ತಿಯ ವರಮಾನವನ್ನು ಇಲಾಖೆ ಕೊಟ್ಟವನ ವರಮಾನಕ್ಕೇ ಕೂಡಿಸುತ್ತದೆ. ಮನೆಯಾದರೆ ತೆರಿಗೆಯ ಮಟ್ಟಿಗೆ ಅವನನ್ನೇ ಮಾಲೀಕ ಎಂದು ಭಾವಿಸುತ್ತದೆ. ಹವೇಲಿಯಲ್ಲಿ ಹೆಂಡತಿಯ ಮನೆ, ತೆರಿಗೆ ಕಚೇರಿಯಲ್ಲಿ ಗಂಡನ ಮನೆ; ನೆಲ ಒರೆಸುವಾಗ ಮಾತ್ರ ಎರಡೂ ಕಚೇರಿಗಳು ಒಂದೇ ಮಾತು ಹೇಳುತ್ತವೆ. ಈ ಗಂಟಿಗೂ ಒಂದು ಸಂದಿಯುಂಟು. ಕೊಡುವಾಗಲೂ ಅವರು ಗಂಡ-ಹೆಂಡತಿ ಆಗಿರಬೇಕು, ಆಗ ಮಾತ್ರ ಕೂಡಿಸಬಹುದು ಎಂದು ಸುಪ್ರೀಂ ಕೋರ್ಟು 1963ರಲ್ಲೇ ಹೇಳಿದೆ. ಒಬ್ಬ ಸಾಹೇಬ ಮದುವೆಗೆ ಮುಂಚೆ, ಮದುವೆಯಾಗಲಿರುವವಳ ಹೆಸರಿಗೆ ತನ್ನ ಶೇರು ಬರೆದುಕೊಟ್ಟಿದ್ದ. ಆ ಶೇರಿನ ವರಮಾನ ಅವನ ಲೆಕ್ಕಕ್ಕೆ ಬರಲಿಲ್ಲ. ಅಂದರೆ ನಿಶ್ಚಯಕ್ಕೂ ಅಕ್ಕಿಕಾಳಿಗೂ ನಡುವಿನ ದಿನಗಳೇ ಸುಮುಹೂರ್ತ. ನಮ್ಮ ಹುಡುಗರು ಆ ದಿನಗಳನ್ನೆಲ್ಲ ಪ್ರೀ-ವೆಡ್ಡಿಂಗ್ ಫೋಟೋ ತೆಗೆಸಿಕೊಳ್ಳುವುದರಲ್ಲಿ ಕಳೆಯುತ್ತಾರೆ.

ತೆರಿಗೆಗೆ ಹೆದರದೆ ಹೆಂಡತಿಯ ಹೆಸರಿಗೆ ಓಡೋಡಿ ಬರೆಯುವವರೂ ಇದ್ದಾರೆ. ಧಂದೆ ಮುಳುಗಿ ಸಾಲ ಕೊಟ್ಟವರು ಬಾಗಿಲು ತಟ್ಟಿದಾಗ ಇವರಿಗೆ ವಾತ್ಸಲ್ಯ ಉಕ್ಕಿ ಬರುತ್ತದೆ. ಕಾನೂನಿಗೆ ಈ ಜಾತಿಯ ಪ್ರೀತಿ ಹಳೆಯ ಪರಿಚಯ. ಸಾಲಗಾರರ ಕಣ್ಣಿಗೆ ಮಣ್ಣೆರಚಲು ಮಾಡಿದ ವರ್ಗಾವಣೆಯನ್ನು ಅವರು ಕೋರ್ಟಿಗೆ ಹೋಗಿ ಬೀಳಿಸಬಹುದು. ಆದರೆ ಗೊತ್ತಿರುವ ಮೂಲದ ತನ್ನ ದುಡ್ಡಿನಿಂದ ಹೆಂಡತಿಯ ಹೆಸರಿನಲ್ಲಿ ನೇರಾಗಿ ಕೊಂಡರೆ ಅದನ್ನು ಬೇನಾಮಿ ಎನ್ನುವುದಿಲ್ಲ, ಬೇನಾಮಿ ಕಾಯ್ದೆಯೇ ಅಷ್ಟು ವಿನಾಯಿತಿ ಕೊಟ್ಟಿದೆ.

ಗಂಡಸರನ್ನೇ ಕುಟುಕುತ್ತಿದ್ದೇನೆ ಎಂದು ಹೆಂಗಸರು ನಗಬೇಡಿ. ನಮ್ಮ ಪದ್ಧತಿಯೂ ಸಾಕಷ್ಟು ಮಜವಾಗಿದೆ. ನಿಮ್ಮದು ನಮ್ಮಿಬ್ಬರದು, ನನ್ನದು ನನ್ನದು. ಸಾಸಿವೆ ಡಬ್ಬಿಯ ತಳದಲ್ಲಿ, ಪೈಠಣಿಯ ಮಡಿಕೆಯಲ್ಲಿ ಏನಿತ್ತೆಂದು 2016ರ ನವೆಂಬರ್ 8ರ ರಾತ್ರಿಯವರೆಗೆ ಯಾವ ಗಂಡನಿಗೂ ಗೊತ್ತಿರಲಿಲ್ಲ. ಐನೂರು, ಸಾವಿರದ ನೋಟು ರದ್ದಾಗಿವೆ ಎಂದು ಟೀವಿಯಲ್ಲಿ ಹೇಳಿದ ಮೇಲೆ ಮನೆಮನೆಯಲ್ಲೂ ಡಬ್ಬಿಗಳು ಸೋಲೊಪ್ಪಿದವು. ‘ತರಕಾರಿಗೆ ರೊಕ್ಕ ಸಾಲೂದಿಲ್ಲ’ ಎಂದು ವರ್ಷವಿಡೀ ಅತ್ತವಳ ಕೈಯಲ್ಲಿ ಗಂಡನ ಎರಡು ತಿಂಗಳ ಪಗಾರ! ಗೃಹಿಣಿಯರು ಆಗ ಬ್ಯಾಂಕಿಗೆ ಕಟ್ಟಿದ ಎರಡೂವರೆ ಲಕ್ಷದವರೆಗಿನ ಹಣವನ್ನು ಲೆಕ್ಕವಿಲ್ಲದ ವರಮಾನ ಎನ್ನಲಾಗದೆಂದು ಆಗ್ರಾದ ಆದಾಯ ತೆರಿಗೆ ನ್ಯಾಯಮಂಡಳಿ 2021ರಲ್ಲಿ ತೀರ್ಪು ಕೊಟ್ಟಿತು. ಸಾಸಿವೆ ಡಬ್ಬಿಗೆ ಇಷ್ಟು ದೊಡ್ಡ ಮರ್ಯಾದೆ ಹಿಂದೆಂದೂ ಸಿಕ್ಕಿರಲಿಲ್ಲ.

ಇನ್ನು ಬಂಗಾರ. ತವರಿನವರು ಹಾಕಿದ್ದು ಸ್ತ್ರೀಧನ, ಅದು ಹೆಂಡತಿಯದೇ, ಗಂಡನ ಬಳಿ ಇದ್ದರೆ ಅವನು ಬರೇ ಕಾವಲುಗಾರ ಎಂದು ಸುಪ್ರೀಂ ಕೋರ್ಟು 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಹೇಳಿತು. 2024ರ ಏಪ್ರಿಲಿನಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಮತ್ತೆ ಹೇಳಿ, ಒಡವೆ ಕರಗಿಸಿದ ಗಂಡನಿಂದ 25 ಲಕ್ಷ ಕೊಡಿಸಿತು. ಕಷ್ಟಕಾಲಕ್ಕೆ ಬಳಸಿದರೂ ಮರಳಿಸಬೇಕು ಎಂದಿತು. ಹಳೆಯ ಯಾಜ್ಞವಲ್ಕ್ಯ ಸ್ಮೃತಿ ಇದಕ್ಕಿಂತ ಗಂಡಸರ ಪರ. ಬರಗಾಲ, ಧರ್ಮಕಾರ್ಯ, ರೋಗ, ಸೆರೆವಾಸ ಈ ನಾಲ್ಕರಲ್ಲಿ ಹೆಂಡತಿಯ ಧನ ತೆಗೆದುಕೊಂಡವನು ಮರಳಿ ಕೊಡಬೇಕಿಲ್ಲ ಎಂದಿದೆ. ಪುಣೆಯ ಗಂಡಂದಿರು ಅದಕ್ಕೆ ಐದನೆಯದನ್ನು ಸೇರಿಸಿದ್ದಾರೆ: ಫ್ಲ್ಯಾಟಿನ ಡೌನ್ ಪೇಮೆಂಟು. ಹೆಂಡತಿಯ ಪಾಟ್ಲಿ-ಬಿಲ್ವಾರ ಮಾರಿ ಕಟ್ಟಿದ ದುಡ್ಡು, ಗಂಡ ಒಂದನೆಯ ಹೆಸರು.

ಈ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದು ಹಿಂದೂ ಕಾನೂನಿಗೆ ಬುನಾದಿ ಹಾಕಿದವನು ನಮ್ಮವನೇ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದ ವಿಜ್ಞಾನೇಶ್ವರ. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ ಆ ವಿಕ್ರಮಾದಿತ್ಯನ ರಾಜಧಾನಿ. ಪುಣೆಯ ಭಂಡಾರಕರ ಸಂಸ್ಥೆ ಪ್ರಕಟಿಸಿದ ಪಾಂ. ವಾ. ಕಾಣೆಯವರ ಧರ್ಮಶಾಸ್ತ್ರದ ಇತಿಹಾಸದ ಸಂಪುಟಗಳಲ್ಲಿ ವಿಜ್ಞಾನೇಶ್ವರನಿಗೆ ಎತ್ತರದ ಜಾಗವಿದೆ. ಗಂಡ-ಹೆಂಡತಿಯ ನಡುವೆ ಪಾಲೇ ಇಲ್ಲ ಎಂದು ಆಪಸ್ತಂಬ ಹೇಳಿದ್ದನ್ನು ವಿಜ್ಞಾನೇಶ್ವರ ಬಿಡಿಸಿ ನೋಡುತ್ತಾನೆ: ಅದು ಪೂಜೆ, ಹೋಮ, ಪುಣ್ಯಕ್ಕೆ ಸಂಬಂಧಿಸಿದ ಮಾತು, ಹಣಕ್ಕಲ್ಲ, ಹಣದಲ್ಲಿ ಹೆಂಡತಿಗೂ ಪಾಲು ಆಗಬಹುದು. ಶಭಾಷ್ ಎನ್ನುವಷ್ಟರಲ್ಲಿ ಮುಂದಿನ ಮಾತು ಬರುತ್ತದೆ: ಗಂಡನ ಇಚ್ಛೆಯಿಂದ ಆಗಬಹುದು, ಅವಳ ಇಚ್ಛೆಯಿಂದ ಅಲ್ಲ. ಸುಮಾರು ಒಂಬೈನೂರು ವರ್ಷ ಕಳೆದಿದೆ. ರಾಜರು ಹೋದರು, ಪೇಶ್ವೆಗಳು ಹೋದರು, ಬ್ರಿಟಿಷರು ಹೋದರು, ತಾಳೆಗರಿಯ ಜಾಗಕ್ಕೆ ಹೆಬ್ಬೆರಳಿನ ಯಂತ್ರ ಬಂತು. ಹವೇಲಿಯಲ್ಲಿ ನಡೆಯುವುದು ಮಾತ್ರ ಇವತ್ತಿಗೂ ಅದೇ. ಕೊಡುವವನಿಗೆ ಮನಸ್ಸು ಬಂದರೆ ಇನ್ನೂರು ರೂಪಾಯಿ. ಬಾರದಿದ್ದರೆ ಎರಡು ಕೋಟಿ ಕೊಟ್ಟರೂ ಆಗದು.

ಮನಸ್ಸು ಬರಿಸುವುದು ಹೇಗೆಂದು ಒಬ್ಬ ಮಾತ್ರ ತಿಳಿದಿದ್ದ. ಸ್ವಿಟ್ಜರ್ಲೆಂಡಿನ ಅಂತರರಾಷ್ಟ್ರೀಯ ಅಂಚೆ ಸಂಸ್ಥೆಯ ನೌಕರಿ ಬಿಟ್ಟು ಪುಣೆ ಜಿಲ್ಲೆಯ ಚಾಕಣ ಹತ್ತಿರದ ಅಂಬೇಠಾಣದಲ್ಲಿ ಹೊಲ ಮಾಡಿದ ಶರದ್ ಜೋಶಿ. ಈರುಳ್ಳಿ ಬೆಲೆಗಾಗಿ ರಸ್ತೆ ತಡೆದು ಶೇತಕರಿ ಸಂಘಟನೆ ಕಟ್ಟಿದ ಮನುಷ್ಯ. 1986ರಲ್ಲಿ ಚಾಂದವಡದಲ್ಲಿ ರೈತ ಹೆಂಗಸರ ಭಾರಿ ಅಧಿವೇಶನ ನಡೆಸಿದ ಮೇಲೆ ಅವರು ‘ಲಕ್ಷ್ಮೀ ಮುಕ್ತಿ’ ಎಂಬ ಚಳವಳಿ ಹೂಡಿದರು. ದುಡಿಮೆಗೆ ತಕ್ಕ ಬೆಲೆ ಕೊಡಿ ಎಂದು ಸರಕಾರವನ್ನು ಕೇಳುವ ರೈತ, ತನ್ನ ಮನೆಯಲ್ಲಿ ಪುಕ್ಕಟೆ ದುಡಿದವಳಿಗೆ ಏನು ಕೊಟ್ಟಿದ್ದಾನೆ ಎಂಬುದು ಅವರ ಪ್ರಶ್ನೆ. ನೂರು ಗಂಡಸರು ಹೆಂಡತಿಯ ಹೆಸರಿಗೆ ಹೊಲ ಬರೆದುಕೊಟ್ಟ ಊರಿಗೆ ಲಕ್ಷ್ಮೀ ಮುಕ್ತಿ ಗ್ರಾಮ ಎಂಬ ಬಿರುದು, ಜೋಶಿಯವರೇ ಬಂದು ಸನ್ಮಾನ. ಕಾನೂನಿಗೆ ಹೆದರದ ಗಂಡಸು ಪಕ್ಕದ ಊರು ಮುಂದೆ ಹೋದೀತೆಂದು ಹೆದರುತ್ತಾನೆ ಎಂಬುದನ್ನು ಅವರು ಚೆನ್ನಾಗಿ ಬಲ್ಲರು. 1992ರಲ್ಲಿ ಸರಕಾರವೂ ಅದೇ ಹೆಸರಿನ ಆದೇಶ ಹೊರಡಿಸಿತು. ಗಂಡ ಅರ್ಜಿ ಕೊಟ್ಟರೆ ಅವನ ಸಾತ್‌ಬಾರಾ ಉತಾರದಲ್ಲಿ, ಅಂದರೆ ಹೊಲದ ಪಹಣಿಯಲ್ಲಿ, ಹೆಂಡತಿಯ ಹೆಸರನ್ನೂ ಸೇರಿಸುವುದು. 2003ರಲ್ಲಿ ಹಳ್ಳಿಯ ಮನೆಗಳಿಗೆ ‘ಘರ್ ದೋಘಾಂಚೆ’, ಅಂದರೆ ಮನೆ ಇಬ್ಬರದು, ಎಂಬ ಇನ್ನೊಂದು ಆದೇಶ ಬಂತು. ಇಷ್ಟೆಲ್ಲ ಮಾಡಿದ ಜೋಶಿಯವರೇ 2010ರಲ್ಲಿ ರಾಜ್ಯಸಭೆಯಲ್ಲಿ ಮಹಿಳಾ ಮೀಸಲಾತಿ ಮಸೂದೆಗೆ ವಿರುದ್ಧವಾಗಿ ಬಿದ್ದ ಒಂದೇ ಒಂದು ಮತವನ್ನು ಹಾಕಿದವರು. ಪರವಾಗಿ 186 ಇದ್ದವು. ಪುಣೆಯ ಮಣ್ಣಿನಲ್ಲಿ ಬೆಳೆದ ಯಾವುದೂ ಸಂಪೂರ್ಣ ಸರಳವಾಗಿರುವುದಿಲ್ಲ.

ಮನಸ್ಸಿಗೆ ಬಿಡದೆ ಹಕ್ಕನ್ನೇ ಮಾಡಿಬಿಡೋಣ ಎಂದು ದಿಲ್ಲಿಯಲ್ಲೂ ಒಮ್ಮೆ ಹುಮ್ಮಸ್ಸು ಬಂದಿತ್ತು. ವಿಚ್ಛೇದನದ ಹೊತ್ತಿಗೆ ಗಂಡನ ಆಸ್ತಿಯಲ್ಲಿ ಹೆಂಡತಿಗೆ ಪಾಲು ಕೊಡಿಸುವ ಮಸೂದೆ 2013ರ ಆಗಸ್ಟಿನಲ್ಲಿ ರಾಜ್ಯಸಭೆ ದಾಟಿತು. ಲೋಕಸಭೆ ದಾಟದೆ ಬಿದ್ದುಹೋಯಿತು. 2023ರಲ್ಲಿ ಮದ್ರಾಸ್ ಹೈಕೋರ್ಟು ಒಂದು ಪ್ರಕರಣದಲ್ಲಿ, ಮನೆ ನೋಡಿಕೊಂಡ ಹೆಂಡತಿಯ ದುಡಿಮೆಯೂ ಆಸ್ತಿ ಕೊಳ್ಳಲು ನೆರವಾದದ್ದೇ, ಆದ್ದರಿಂದ ಅವಳಿಗೆ ಸಮಪಾಲು ಎಂದಿತು. ಕೇಳಲು ಹಿತ. ಒಂದೊಂದು ಮನೆಯವರೂ ಒಂದೊಂದು ಸಲ ಹೈಕೋರ್ಟಿಗೆ ಹೋಗಿ ಕೇಳಬೇಕೆಂಬುದಷ್ಟೇ ತೊಂದರೆ.

ಹಾಗಾಗಿ ನನ್ನ ಮಾತು ಇಷ್ಟು. ಗೋವೆಯವರ ಅರ್ಧ ನಮಗಿಲ್ಲ, ಹಕ್ಕಿನ ಕಾನೂನು ಬರುವ ಸುಳಿವಿಲ್ಲ, ಇರುವುದು ಬಕ್ಷೀಸು ಒಂದೇ. ಅದನ್ನಾದರೂ ಜಗಳ ಇಲ್ಲದ, ಜ್ವರ ಇಲ್ಲದ, ಸಾಲಗಾರರಿಲ್ಲದ ಒಂದು ಸಾದಾ ಮಂಗಳವಾರ ಮಾಡಿ ಮುಗಿಸಿ. ಆಸ್ಪತ್ರೆಯ ಹಾಸಿಗೆಯ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡ ದಾನಪತ್ರ ಆಮೇಲೆ ಅಣ್ಣತಮ್ಮಂದಿರ ಬಾಯಿಗೆ ಆಹಾರ. ದುಡಿಯುವ ಹೆಂಡಂದಿರೂ ನೆನಪಿಡಿ, ಕಾಯ್ದೆಯಲ್ಲಿ ಕೊಡುವವರು ಗಂಡಸರೇ ಆಗಿರಬೇಕೆಂದು ಎಲ್ಲೂ ಬರೆದಿಲ್ಲ. ಪೂರ್ತಿ ಕೊಡಲು ಎದೆ ನಡುಗಿದರೆ ಅರ್ಧ ಕೊಡಿ, ಕಾಲು ಕೊಡಿ, ಅದಕ್ಕೂ ಇನ್ನೂರೇ ರೂಪಾಯಿ. ಆಧಾರ್, ಪ್ಯಾನ್, ಇಂಡೆಕ್ಸ್ ಟೂ, ಸೊಸೈಟಿಯ ಕಾಗದ ತಗೊಂಡು ಬನ್ನಿ. ಸಾಕ್ಷಿಗೆ ಇಬ್ಬರು ಬೇಕು, ಒಬ್ಬಳು ನಾನಿದ್ದೇನೆ. ಇನ್ನೊಬ್ಬರಾಗಿ ನಮ್ಮ ಮನೆಯವರನ್ನು ಕರೆತರುತ್ತೇನೆ. ಅವರಿಗೂ ಹವೇಲಿಯ ದಾರಿ ಒಮ್ಮೆ ಗೊತ್ತಾಗಲಿ.